ಕೇಳಿಸಿಕೊಳ್ಳುವ ಮಕ್ಕಳ ಹಿಂದೆ ಒಬ್ಬರು ನಿಲ್ಲಲಿ: ದಾವಣಗೆರೆ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ನಮ್ಮ ಜಿಲ್ಲೆಯ ಕಾಲೇಜು, ಹಾಸ್ಟೆಲ್‌ಗಳನ್ನು ನೋಡಿಕೊಳ್ಳುವ ಎಲ್ಲ ಹಿರಿಯರಿಗೆ,

ನಮಸ್ಕಾರ.

ನಾನು ಜಗಳೂರು ತಾಲ್ಲೂಕಿನವಳು. ಡಿಗ್ರಿ ಓದಲು ದಾವಣಗೆರೆಗೆ ಬಂದು ಸರ್ಕಾರಿ ಹಾಸ್ಟೆಲ್ ಸೇರಿದೆ. ಅಲ್ಲಿ ಪಿಯರ್ ಕೌನ್ಸೆಲರ್ ಆದೆ. ಜೊತೆಯ ಹುಡುಗಿಯರ ಕಷ್ಟ ಕೇಳಿಸಿಕೊಳ್ಳುವುದು, ಗೊತ್ತಿದ್ದಷ್ಟು ಹೇಳುವುದು, ಗೊತ್ತಿಲ್ಲದಿದ್ದರೆ ಆಸ್ಪತ್ರೆಗೆ ಜೊತೆಯಲ್ಲಿ ಹೋಗುವುದು, ಇಷ್ಟೇ ಕೆಲಸ. ಆ ಕೆಲಸವೇ ನನ್ನನ್ನು ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ, ಓದುವಂತೆ ಮಾಡಿತು. ಈಗ ಇದೇ ಊರಿನ ಒಂದು ಆಸ್ಪತ್ರೆಯಲ್ಲಿ ಸಮಾಜ ಕಾರ್ಯಕರ್ತೆಯಾಗಿದ್ದೇನೆ.

ನನ್ನ ಬೇಡಿಕೆಯನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಶಾಲೆ, ಕಾಲೇಜು, ಹಾಸ್ಟೆಲ್‌ಗಳಲ್ಲಿ ಪಿಯರ್ ಎಜುಕೇಟರ್ ಅಂತಲೋ ಹೆಲ್ತ್ ಮೆಸೆಂಜರ್ ಅಂತಲೋ ಬ್ಯಾಡ್ಜ್ ಹಾಕಿಕೊಂಡಿರುವ ಮಕ್ಕಳಿದ್ದಾರೆ. ಅವರ ಹಿಂದೆ, ಈ ಕೆಲಸವನ್ನೇ ಕಲಿತ ಒಬ್ಬ ಸಮಾಜ ಕಾರ್ಯಕರ್ತರನ್ನು ನಿಲ್ಲಿಸಿ. ಆ ಮಕ್ಕಳಲ್ಲಿ ಯಾರಿಗೆ ಈ ಕೆಲಸ ಒಗ್ಗುತ್ತದೋ ಅವರು ಮುಂದೆ ಇದನ್ನೇ ಓದಿ ಇದನ್ನೇ ಹೊಟ್ಟೆಪಾಡು ಮಾಡಿಕೊಳ್ಳುವ ದಾರಿಯನ್ನೂ ಮಾಡಿಕೊಡಿ.

ದಾವಣಗೆರೆ ಓದುವ ಮಕ್ಕಳ ಊರು. ಜಗಳೂರು, ಚನ್ನಗಿರಿ, ಹೊನ್ನಾಳಿ, ನ್ಯಾಮತಿಯಿಂದ, ಪಕ್ಕದ ಹರಪನಹಳ್ಳಿ, ಹೊಳಲ್ಕೆರೆಯಿಂದ ಮಕ್ಕಳು ಟ್ರಂಕು ಹೊತ್ತು ಬರುತ್ತಾರೆ. 1965ರಲ್ಲೇ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾದ ಊರಿದು. ಚಿಗಟೇರಿ ಜಿಲ್ಲಾ ಆಸ್ಪತ್ರೆ ಇದೆ, ಇನ್ನೊಂದು ಮೆಡಿಕಲ್ ಕಾಲೇಜೂ ಇದೆ. ಡಾಕ್ಟರಿಗೆ ಇಲ್ಲಿ ಬರ ಇಲ್ಲ. ಆದರೆ 17 ವರ್ಷದ ಹುಡುಗಿಗೆ ಹೊಟ್ಟೆನೋವು ಬಂದರೆ, ಮುಟ್ಟು ನಿಂತರೆ, ಎದೆ ಡವಡವ ಅಂದರೆ ಅವಳು ಮೊದಲು ಹೇಳುವುದು ಪಕ್ಕದ ಮಂಚದವಳಿಗೆ. ಅಮ್ಮನಿಗೂ ಆಮೇಲೆ. ವಾರ್ಡನ್ ಮೇಡಂಗಂತೂ ಹೇಳುವುದೇ ಇಲ್ಲ. ಇದು ಯಾರ ತಪ್ಪೂ ಅಲ್ಲ, ಆ ವಯಸ್ಸೇ ಹಾಗೆ. ಪಕ್ಕದ ಮಂಚದವಳಿಗೆ ಸರಿಯಾದ ಮಾತು ಗೊತ್ತಿದ್ದರೆ ಎಷ್ಟೋ ತೊಂದರೆ ಅಲ್ಲೇ ತಪ್ಪುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಹಾಸ್ಟೆಲ್‌ನಲ್ಲಿ ಪಿಯುಸಿ ಮೊದಲ ವರ್ಷದ ಒಬ್ಬ ಹುಡುಗಿ ಇದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು. ಮಧ್ಯಾಹ್ನ ಕ್ಲಾಸಿನಲ್ಲಿ ತೂಕಡಿಕೆ. ಸೋಮಾರಿ ಅಂತ ಎಲ್ಲರೂ ಬೈಯುತ್ತಿದ್ದರು. ಒಂದು ದಿನ ಅವಳು ಟ್ರಂಕಿನ ತಳದಿಂದ ಪೇಪರಿನ ಪೊಟ್ಟಣ ತೆಗೆದು ನನ್ನ ಮುಂದೆ ಬಿಚ್ಚಿದಳು. ಹೈಸ್ಕೂಲಿನಿಂದ ಕೊಟ್ಟಿದ್ದ ನೀಲಿ ಬಣ್ಣದ ಕಬ್ಬಿಣಾಂಶದ ಮಾತ್ರೆಗಳು. ನುಂಗಿದ ಹಾಗೆ ಮಾಡಿ ಎಲ್ಲವನ್ನೂ ಕೂಡಿಟ್ಟಿದ್ದಳು. ಬಿಸಾಡಲು ಭಯ, ನುಂಗಲೂ ಭಯ.

"ಅಕ್ಕಾ, ಇದನ್ನ ನುಂಗಿದ್ರೆ ಮುಂದೆ ಮಕ್ಕಳಾಗಲ್ಲಂತೆ, ಹೌದಾ?" ಅಂತ ಕೇಳಿದಳು. ಒಂದು ಸಲ ನುಂಗಿದ್ದಳಂತೆ. ವಾಂತಿ ಬಂದ ಹಾಗಾಯಿತು, ಮಾರನೇ ದಿನ ಕಕ್ಕಸ್ಸು ಕರ್ರಗಾಯಿತು. ಏನೋ ವಿಷ ಅಂದುಕೊಂಡು ಬಿಟ್ಟೇಬಿಟ್ಟಳು.

ಅವಳಿಗೆ ಬೇಕಾಗಿದ್ದದ್ದು ನಾಲ್ಕೇ ಮಾತು. ಖಾಲಿ ಹೊಟ್ಟೆಯಲ್ಲಿ ನುಂಗಬೇಡ, ಊಟ ಆದ ಮೇಲೆ ನುಂಗು. ಮಾತ್ರೆ ಹಿಂದೆ ಮುಂದೆ ಟೀ ಕುಡಿಯಬೇಡ, ಟೀ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಊಟಕ್ಕೆ ನಿಂಬೆಹಣ್ಣು ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತದೆ. ಕಕ್ಕಸ್ಸು ಕಪ್ಪಾಗುವುದು ಮಾತ್ರೆಯಿಂದಲೇ, ಅದಕ್ಕೆ ಹೆದರಬೇಡ. ಮಕ್ಕಳಾಗಲ್ಲ ಅನ್ನುವುದು ಸುಳ್ಳು. ಹಳೇ ಪೊಟ್ಟಣವನ್ನು ಪಕ್ಕಕ್ಕಿಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದೆವು. ಡಾಕ್ಟರು ಹೊಸ ಮಾತ್ರೆ ಬರೆದರು, ಮತ್ತೆ ಬರಲು ಹೇಳಿದರು. ಅವಳು ಹೋದಳು, ಸುಧಾರಿಸಿಕೊಂಡಳು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಸರ್ಕಾರ ಮಾತ್ರೆ ಕೊಡುತ್ತಿದೆ. ಆ ಮಾತ್ರೆ ಟ್ರಂಕಿನ ತಳ ಸೇರದೆ ಹೊಟ್ಟೆ ಸೇರಬೇಕಾದರೆ, ಅವಳು ನಂಬುವ ಯಾರೋ ಒಬ್ಬರು ಪಕ್ಕದಲ್ಲಿ ಕೂತು ಮಾತಾಡಬೇಕು.

ಹುಡುಗರ ಹಾಸ್ಟೆಲ್ ಕಥೆ ಬೇರೆ, ಸಂಕಟ ಮಾತ್ರ ಅಷ್ಟೇ. ಎಂಎಸ್‌ಡಬ್ಲ್ಯೂನಲ್ಲಿ ನನ್ನ ಜೊತೆ ಓದಿದ ಗೆಳೆಯರು ಹೇಳುತ್ತಿದ್ದರು. ರಾತ್ರಿ ನಿದ್ದೆಯಲ್ಲಿ ವೀರ್ಯ ಹೋದರೆ ಶಕ್ತಿಯೇ ಹೋಯಿತು ಅಂತ ಹುಡುಗರು ಕೊರಗುತ್ತಾರೆ. ಗೋಡೆ ಮೇಲಿನ ಗುಪ್ತರೋಗದ ಪೋಸ್ಟರ್ ನೋಡಿ, ಮನೆಯಿಂದ ಮೆಸ್ಸಿಗೆ ಅಂತ ಕಳಿಸಿದ ದುಡ್ಡನ್ನು ಯಾವನೋ ನಕಲಿ ವೈದ್ಯನಿಗೆ ಸುರಿದು ಬರುತ್ತಾರೆ. ಅದು ಆ ವಯಸ್ಸಿನಲ್ಲಿ ಸಹಜ, ಅದರಿಂದ ಏನೂ ಆಗಲ್ಲ ಅಂತ ಹೇಳಲು ಒಬ್ಬ ಸೀನಿಯರ್ ಸಾಕು. ಗುಟ್ಕಾ, ಬೀಡಿ, ಸಿಗರೇಟಿನ ವಿಷಯದಲ್ಲೂ ಪೋಸ್ಟರಿಗಿಂತ ಬಿಟ್ಟ ಹುಡುಗನ ಮಾತೇ ಜಾಸ್ತಿ ನಾಟುತ್ತದೆ.

ಇನ್ನು ರಿಸಲ್ಟ್ ಬರುವ ದಿನಗಳು. ಪಿಯುಸಿ, ಎಸ್‌ಎಸ್‌ಎಲ್‌ಸಿ ಎರಡರಲ್ಲೂ ಫೇಲ್ ಆದರೆ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆ. ದೊಡ್ಡವರಿಗೆ ಇದು ಗೊತ್ತು. ಫೇಲ್ ಅಂತ ಮೊಬೈಲ್ ತೋರಿಸಿದ ಆ ಗಳಿಗೆಯಲ್ಲಿ ಮಗುವಿಗೆ ನೆನಪಿಗೆ ಬರುವುದಿಲ್ಲ. ಆಗ ಕೈ ಹಿಡಿದು, "ಮತ್ತೆ ಬರೀಬಹುದು ಕಣೇ, ಬಾ ಮೊದ್ಲು ಊಟ ಮಾಡು" ಅನ್ನುವ ಒಬ್ಬ ಗೆಳತಿ ಬೇಕು.

ಇಲ್ಲಿಯವರೆಗೆ ಹೇಳಿದ್ದು ಮಕ್ಕಳ ಕೈಲಾಗುವ ಕೆಲಸ. ಅವರ ಕೈಮೀರಿದ ಮಾತುಗಳೂ ಬರುತ್ತವೆ. ನಾನು ಈ ಪತ್ರ ಬರೆಯುತ್ತಿರುವುದೇ ಅದಕ್ಕಾಗಿ.

"ಯಾರಿಗೂ ಹೇಳಲ್ಲ ಅಂತ ಆಣೆ ಮಾಡಕ್ಕಾ" ಅಂತ ಶುರುವಾಗುವ ಮಾತುಗಳವು. ಮನೆಯಲ್ಲೇ ಇರುವ ಒಬ್ಬ ಸಂಬಂಧಿಕ ಮೈಮುಟ್ಟುತ್ತಾನೆ ಅನ್ನುತ್ತಾಳೆ ಒಬ್ಬಳು. ಬದುಕಿ ಏನು ಮಾಡಬೇಕು ಅನ್ನುತ್ತಾಳೆ ಇನ್ನೊಬ್ಬಳು. ಕೇಳಿಸಿಕೊಂಡವಳಿಗೂ ಇನ್ನೂ ಇಪ್ಪತ್ತು ತುಂಬಿರುವುದಿಲ್ಲ. ಹೇಳಿದರೆ ನಂಬಿಕೆ ಮುರಿದ ಹಾಗೆ, ಹೇಳದಿದ್ದರೆ ಜೀವಕ್ಕೇ ಅಪಾಯ. ಗಂಟಲಲ್ಲಿ ಇಟ್ಟುಕೊಂಡು ರಾತ್ರಿಯೆಲ್ಲ ಒದ್ದಾಡುತ್ತಾಳೆ. ನಾನೂ ಒದ್ದಾಡಿದ್ದೇನೆ. ನನಗೆ ತರಬೇತಿ ಕೊಟ್ಟವರು ಒಂದು ದಿನ ಬಂದರು. ಸ್ಲೈಡ್ ತೋರಿಸಿದರು, ಟೀ ಬಿಸ್ಕತ್ತು ಕೊಟ್ಟರು, ಬ್ಯಾನರ್ ಹಿಡಿಸಿ ಫೋಟೊ ತೆಗೆಸಿದರು. ಕಷ್ಟ ಬಂದರೆ ಯಾರಿಗೆ ಫೋನ್ ಮಾಡಬೇಕು ಅಂತ ಯಾರೂ ಹೇಳಲಿಲ್ಲ. ಆಮೇಲೆ ಅವರು ಬರಲೂ ಇಲ್ಲ. ಯಾವ ಕಾಲೇಜು, ಯಾವ ಕಚೇರಿ ಅಂತ ಇಲ್ಲಿ ಹೇಳುವುದಿಲ್ಲ. ಬೈಯುವುದು ನನ್ನ ಉದ್ದೇಶ ಅಲ್ಲ. ಇದು ಇವತ್ತಿಗೂ ಬಹಳ ಕಡೆ ಹೀಗೇ ನಡೆಯುತ್ತಿದೆ ಅಂತ ನನ್ನ ಬಳಿ ಬರುವ ಮಕ್ಕಳು ಹೇಳುತ್ತಾರೆ. ನಮ್ಮ ಕಡೆ ಮೆಕ್ಕೆಜೋಳ ಬಿತ್ತಿದ ಮೇಲೆ ಎಡೆಕುಂಟೆ ಹೊಡೆಯದೆ ಯಾರೂ ತೆನೆ ಕಾಯುವುದಿಲ್ಲ. ಮಕ್ಕಳಿಗೆ ತರಬೇತಿ ಕೊಡುವಾಗ ಮಾತ್ರ ಬಿತ್ತಿ ಹೋಗಿಬಿಡುತ್ತೇವೆ.

ಆ ಆಣೆಯ ಮಾತಿಗೆ ಏನು ಉತ್ತರ ಕೊಡಬೇಕು ಅನ್ನುವುದು ನನಗೆ ಗೊತ್ತಾಗಿದ್ದು ಎಂಎಸ್‌ಡಬ್ಲ್ಯೂನಲ್ಲಿ. ಮಾತು ಶುರುವಾಗುವ ಮುಂಚೆಯೇ ಹೇಳಬೇಕು: "ನೀನು ಹೇಳಿದ್ದು ನನ್ನಲ್ಲೇ ಇರುತ್ತೆ. ನಿನ್ನ ಜೀವಕ್ಕೆ ಅಪಾಯ ಅನಿಸಿದ್ರೆ, ನಿಂಗೆ ಯಾರಾದ್ರೂ ಹಿಂಸೆ ಕೊಡ್ತಿದ್ರೆ, ಆಗ ಮಾತ್ರ ಒಬ್ಬ ದೊಡ್ಡೋರಿಗೆ ಹೇಳ್ತೀನಿ. ಹೇಳೋ ಮುಂಚೆ ನಿಂಗೆ ಹೇಳಿಯೇ ಹೇಳ್ತೀನಿ." ಇಷ್ಟು ಹೇಳಿದ ಮೇಲೂ ಹುಡುಗಿಯರು ಬಾಯಿ ಬಿಡುತ್ತಾರೆ, ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎಷ್ಟೋ ಜನ ಯಾರಾದರೂ ದೊಡ್ಡವರಿಗೆ ತಿಳಿಯಲಿ ಅಂತಲೇ ಹೇಳುತ್ತಿರುತ್ತಾರೆ. 18 ತುಂಬದ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕು ಅಂತ 2012ರ ಪೋಕ್ಸೊ ಕಾಯ್ದೆ ಹೇಳುತ್ತದೆ. ಈ ಭಾರವನ್ನು ಹಾಸ್ಟೆಲ್ ಹುಡುಗಿಯೊಬ್ಬಳ ಹೆಗಲಿಗೆ ಬಿಟ್ಟು ನಾವು ಸುಮ್ನೆ ಕೂರುವುದು ಸರಿಯಾ?

ಸಾಯುವ ಮಾತಿನ ವಿಷಯದಲ್ಲೂ ಹಾಗೆಯೇ. ಅದರ ಬಗ್ಗೆ ನೇರವಾಗಿ ಕೇಳಿದರೆ ತಲೆಗೆ ಹುಳ ಬಿಟ್ಟ ಹಾಗೆ ಅಂತ ಬಹಳ ಜನ ನಂಬಿದ್ದಾರೆ. ಅದು ನಿಜ ಅಲ್ಲ. "ನಿಂಗೆ ಸಾಯಬೇಕು ಅನಿಸ್ತಿದೆಯಾ?" ಅಂತ ಮೆತ್ತಗೆ, ನೇರವಾಗಿ ಕೇಳಬೇಕು. ಹೌದು ಅಂದರೆ ಒಂಟಿಯಾಗಿ ಬಿಡಬಾರದು. ಬುದ್ಧಿ ಹೇಳಲು ಹೋಗಬಾರದು. ಆ ರಾತ್ರಿಯೇ ಒಬ್ಬ ದೊಡ್ಡವರನ್ನು ಕರೆಯಬೇಕು. 14416ಕ್ಕೆ ಫೋನ್ ಮಾಡಬಹುದು. ಅದು 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ-ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ. ಮಕ್ಕಳ ರಕ್ಷಣೆಗೆ 1098 ಇದೆ. ಈ ಎರಡು ನಂಬರ್ ಪ್ರತಿ ಹಾಸ್ಟೆಲ್ಲಿನ ಊಟದ ಹಾಲಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಲು ಎಷ್ಟು ಖರ್ಚಾದೀತು?

ಸರ್ಕಾರದ ಹತ್ತಿರ ಯೋಜನೆ ಇಲ್ಲ ಅಂತ ನಾನು ಹೇಳುವುದಿಲ್ಲ. 2014ರ ಜನವರಿಯಲ್ಲಿ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ ಬಂತು. 10ರಿಂದ 19 ವರ್ಷದವರಿಗೆ ಪೌಷ್ಟಿಕತೆ, ಮಾನಸಿಕ ಆರೋಗ್ಯ, ಸಂತಾನೋತ್ಪತ್ತಿ ಆರೋಗ್ಯ, ಮಾದಕ ವಸ್ತು, ಹಿಂಸೆ, ಸಕ್ಕರೆ ಕಾಯಿಲೆಯಂಥ ರೋಗಗಳು, ಎಲ್ಲವೂ ಅದರಲ್ಲಿವೆ. ಪಿಯರ್ ಎಜುಕೇಟರ್‌ಗಳು ಬಂದದ್ದು ಅದರಿಂದಲೇ. ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. 2020ರ ಫೆಬ್ರವರಿಯಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಪ್ರತಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿ ಮಾಡಿದ್ದಾರೆ. ಕಾಲೇಜಿನಲ್ಲಿ ಎನ್‌ಎಸ್‌ಎಸ್ ಇದೆ, ಎಚ್‌ಐವಿ ಜಾಗೃತಿಯ ರೆಡ್ ರಿಬ್ಬನ್ ಕ್ಲಬ್ ಇದೆ. ಕಾಗದದ ಮೇಲೆ ಎಲ್ಲ ಕೊಂಡಿಗಳೂ ಇವೆ. ಹಾಸ್ಟೆಲ್ಲಿನ ಮಂಚಕ್ಕೂ ಸ್ನೇಹ ಕ್ಲಿನಿಕ್ಕಿಗೂ ನಡುವೆ ಓಡಾಡುವ ಮನುಷ್ಯ ಮಾತ್ರ ಇಲ್ಲ.

ಶಿಕ್ಷಕರೇ ಆ ಕೆಲಸ ಮಾಡಲಿ ಅಂತ ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ನಮ್ಮ ಮೇಷ್ಟ್ರುಗಳ ಬಗ್ಗೆ ನನಗೆ ಬಹಳ ಗೌರವ ಇದೆ. ಆದರೆ ಗಣತಿ, ಚುನಾವಣೆ, ಬಿಸಿಯೂಟ ಎಲ್ಲದರ ಮೇಲೆ ಇದನ್ನೂ ಹೊರಿಸಿದರೆ ಅವರಾದರೂ ಏನು ಮಾಡಿಯಾರು? ಜೊತೆಗೆ, ಮಾರ್ಕ್ಸ್ ಹಾಕುವವರ ಮುಂದೆ ಮಗು ಮನಸ್ಸು ಬಿಚ್ಚುವುದು ಕಷ್ಟ. ಬಿಹಾರದ ನಳಂದಾ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಸೆಹರ್ ಅನ್ನುವ ಶಾಲಾ ಆರೋಗ್ಯ ಕಾರ್ಯಕ್ರಮವನ್ನು ಎರಡು ರೀತಿಯಲ್ಲಿ ಮಾಡಿ ನೋಡಿದರು. ಕೆಲವು ಶಾಲೆಗಳಲ್ಲಿ ಶಿಕ್ಷಕರ ಕೈಲಿ, ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ತರಬೇತಿ ಪಡೆದ ಸಲಹೆಗಾರರ ಕೈಲಿ. ಆ ಸಲಹೆಗಾರರು ಮನೋವೈದ್ಯರೇನಲ್ಲ. 2018ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತ್ತು, ಮಕ್ಕಳ ಖಿನ್ನತೆಯೂ ಒಬ್ಬರನ್ನೊಬ್ಬರು ಪೀಡಿಸುವುದೂ ಕಡಿಮೆಯಾಗಿತ್ತು. ಶಿಕ್ಷಕರಿಗೇ ವಹಿಸಿದ ಕಡೆ ಅಂಥ ಬದಲಾವಣೆ ಕಾಣಲಿಲ್ಲ.

ಇಷ್ಟು ದೂರ ಹೋಗುವುದೂ ಬೇಡ. ನಮಗೆ ಹತ್ತಿರದ ಬಳ್ಳಾರಿಯನ್ನೇ ನೋಡಿ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಮಾನಸಿಕ ಆರೋಗ್ಯ ಸಂಸ್ಥೆಯವರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವುದನ್ನು ಕಲಿಸಿದರು. ಕಲಿಸಿ ಕೈ ತೊಳೆದುಕೊಳ್ಳಲಿಲ್ಲ. ಔಷಧಿ ಸಿಗುವ ಹಾಗೆ ಮಾಡಿದರು, ಸರಳವಾದ ದಾಖಲೆ ಇಡಿಸಿದರು, ಕೆಲಸ ಹೇಗೆ ನಡೆಯುತ್ತಿದೆ ಅಂತ ಹಿಂದೆ ನಿಂತು ನೋಡಿದರು. 1996ರಲ್ಲಿ ದೇಶದ ಕೆಲವು ಜಿಲ್ಲೆಗಳಲ್ಲಿ ಶುರುವಾಗಿ ಆಮೇಲೆ ಹಬ್ಬಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. ನಮ್ಮ ಈ ಬಯಲುಸೀಮೆಯಲ್ಲಿ ಆಗಿ ತೋರಿಸಿದ ಕೆಲಸ ಅದು. ದಾವಣಗೆರೆ ಮಕ್ಕಳಿಗೂ ಅಂಥದ್ದನ್ನೇ ಕೇಳುತ್ತಿದ್ದೇನೆ.

ಈಗ ಎರಡನೇ ಮಾತು, ಓದು ಮತ್ತು ನೌಕರಿ. ನಾನು ಎಂಎಸ್‌ಡಬ್ಲ್ಯೂ ಸೇರುತ್ತೇನೆ ಅಂದಾಗ ಅಪ್ಪ, "ಊರಿಗೆ ಉಪಕಾರ ಮಾಡೋಕೆ ಡಿಗ್ರಿ ಯಾಕವ್ವಾ, ಬಿ.ಇಡಿ ಮಾಡು" ಅಂದರು. ಅವರ ಮಾತಲ್ಲಿ ಪ್ರೀತಿಯೂ ಇತ್ತು, ಹೆದರಿಕೆಯೂ ಇತ್ತು. ಅಪ್ಪನಂತೆ ಯೋಚಿಸುವ ಎಷ್ಟೋ ಮನೆಗಳಿವೆ, ಅವರಿಗೂ ನಾನು ಇದನ್ನು ಬರೆಯುತ್ತಿದ್ದೇನೆ. ಯಾವ ಡಿಗ್ರಿ ಮಾಡಿದವರೂ ಎರಡು ವರ್ಷದ ಈ ಕೋರ್ಸಿಗೆ ಸೇರಬಹುದು. ನಮ್ಮಲ್ಲೇ, ತೋಳಹುಣಸೆಯ ಶಿವಗಂಗೋತ್ರಿಯಲ್ಲಿ, ದಾವಣಗೆರೆ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ವಿಭಾಗ ಇದೆ. ದೇಶದಲ್ಲಿ ಈ ಓದು ಶುರುವಾಗಿದ್ದು 1936ರಲ್ಲಿ, ಮುಂಬೈನ ಟಾಟಾ ಸಂಸ್ಥೆಯಲ್ಲಿ. ಕ್ಲಾಸಿನಷ್ಟೇ ಮುಖ್ಯ ಫೀಲ್ಡ್‌ವರ್ಕ್. ವಾರದಲ್ಲಿ ನಿಗದಿಯಾದ ದಿನ ಆಸ್ಪತ್ರೆ, ಶಾಲೆ, ಕೊಳಗೇರಿ, ಹಳ್ಳಿ ಅಂತ ಹೋಗಬೇಕು. ಬಂದು ಬರೆಯಬೇಕು. ಬರೆದದ್ದನ್ನು ಮೇಷ್ಟ್ರು ಮುಂದೆ ಇಟ್ಟು ಕೂರಬೇಕು. ನೀನು ಯಾಕೆ ಹೀಗೆ ಹೇಳಿದೆ, ಅವರು ಸುಮ್ಮನಾದಾಗ ನೀನೇನು ಮಾಡಿದೆ ಅಂತ ಒಂದೊಂದೇ ಕೇಳುತ್ತಾರೆ. ಹಾಸ್ಟೆಲ್‌ನಲ್ಲಿ ನನಗೆ ಸಿಗದೇ ಹೋದದ್ದು ಅದೇ. ನಾನು ಹೊತ್ತು ತಂದದ್ದನ್ನು ಇಳಿಸಲು ಒಂದು ಜಾಗ.

ಇನ್ನೂ ಮುಂದೆ ಹೋಗಬೇಕು ಅನ್ನುವವರು ಎಂಎಸ್‌ಡಬ್ಲ್ಯೂ ಆದ ಮೇಲೆ ನಿಮ್ಹಾನ್ಸ್‌ನಂಥ ಕಡೆ ಅದಕ್ಕೆಂದೇ ಇರುವ ಮೇಲಿನ ಓದು ಓದಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರಾಗಬಹುದು. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರನ್ನು ಹೆಸರು ಹಿಡಿದು ಗುರುತಿಸಿದೆ. 2021ರಲ್ಲಿ ಬಂದ ಆರೋಗ್ಯ ವೃತ್ತಿಗಳ ಆಯೋಗದ ಕಾಯ್ದೆಯಲ್ಲೂ ವೈದ್ಯಕೀಯ ಸಮಾಜ ಕಾರ್ಯಕರ್ತರು, ಎಚ್‌ಐವಿ ಆಪ್ತ ಸಮಾಲೋಚಕರು ಸೇರಿದ್ದಾರೆ. ಆಸ್ಪತ್ರೆಯಲ್ಲಿ ನಾನು ದಿನಾ ಮಾಡುವುದೇನು? ಟಿಬಿ ಮಾತ್ರೆ ಅರ್ಧಕ್ಕೆ ಬಿಟ್ಟವರ ಮನೆಗೆ ಫೋನ್ ಮಾಡುತ್ತೇನೆ. ಆಪರೇಷನ್‌ಗೆ ಸರ್ಕಾರಿ ಯೋಜನೆಯ ಕಾಗದಪತ್ರ ಹೊಂದಿಸಿಕೊಡುತ್ತೇನೆ. ವಿಷ ಕುಡಿದು ಉಳಿದವರ ಹಾಸಿಗೆ ಪಕ್ಕ ಕೂರುತ್ತೇನೆ, ಆಮೇಲೆ ವಾರ್ಡಿನ ಹೊರಗೆ ಬೆಂಚಿನ ಮೇಲೆ ಅವರ ಅವ್ವನ ಪಕ್ಕ ಕೂರುತ್ತೇನೆ. ಇವೆಲ್ಲಕ್ಕೂ ಬೇಕಾದ ಮೊದಲ ಪಾಠ ನನಗೆ ಸಿಕ್ಕಿದ್ದು ಹಾಸ್ಟೆಲ್ ಮಂಚದ ಮೇಲೆ.

2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿತು. 100 ಅಥವಾ ಅದಕ್ಕಿಂತ ಜಾಸ್ತಿ ಮಕ್ಕಳಿರುವ ಪ್ರತಿ ಶಿಕ್ಷಣ ಸಂಸ್ಥೆಯಲ್ಲೂ ಕಡೇಪಕ್ಷ ಒಬ್ಬ ಅರ್ಹ ಆಪ್ತ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರು ಇರಬೇಕು ಅಂದಿತು. ಕಡಿಮೆ ಮಕ್ಕಳಿರುವ ಕಡೆ ಹೊರಗಿನ ತಜ್ಞರ ಜೊತೆ ಸಂಪರ್ಕ ಇರಬೇಕು. ಸಿಬ್ಬಂದಿಗೆ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು. ದಾವಣಗೆರೆಯಲ್ಲಿ 100 ಮಕ್ಕಳಿರುವ ಶಾಲೆ ಕಾಲೇಜುಗಳು ಎಷ್ಟಿವೆ ಅಂತ ನಿಮ್ಮ ಕಚೇರಿಗೆ ಚೆನ್ನಾಗಿ ಗೊತ್ತು. ಅಷ್ಟು ಜನ ಬೇಕು. ಅವರೆಲ್ಲ ಬೆಂಗಳೂರಿನಿಂದ ಬರುವುದಿಲ್ಲ. ಬಂದರೂ ನಮ್ಮ ಹುಡುಗಿ "ಎದಿ ಉರಿತೈತಿ" ಅಂದಾಗ ಅದು ಹೊಟ್ಟೆಯ ಉರಿಯೋ ಮನಸ್ಸಿನ ಉರಿಯೋ ಅಂತ ತಿಳಿಯಲು ಅವರಿಗೆ ಸ್ವಲ್ಪ ಕಾಲ ಬೇಕಾಗುತ್ತದೆ. ಇಲ್ಲಿಯ ಮಕ್ಕಳನ್ನೇ ಆ ಕೆಲಸಕ್ಕೆ ಬೆಳೆಸೋಣ.

ಅದಕ್ಕೆ ನನ್ನ ಕೋರಿಕೆ ಇದು. ಹುದ್ದೆ ಮಂಜೂರಾಗಿ ನೇಮಕ ಆಗುವವರೆಗೆ ಕಾಯುವುದು ಬೇಡ. ವಿಶ್ವವಿದ್ಯಾಲಯದ ಜೊತೆ ಮಾತಾಡಿ, ಎಂಎಸ್‌ಡಬ್ಲ್ಯೂ ವಿದ್ಯಾರ್ಥಿಗಳ ಫೀಲ್ಡ್‌ವರ್ಕನ್ನು ಸರ್ಕಾರಿ ಹಾಸ್ಟೆಲ್‌ಗಳಲ್ಲಿ, ಪಿಯು ಕಾಲೇಜುಗಳಲ್ಲಿ ಹಾಕಿಸಿ. ಅವರು ಪಿಯರ್ ಕೌನ್ಸೆಲರ್ ಮಕ್ಕಳನ್ನು ವಾರಕ್ಕೊಮ್ಮೆ ಕೂರಿಸಿಕೊಂಡು ಮಾತಾಡಲಿ, ಅವರ ಹಿಂದೆ ಅವರ ಮೇಷ್ಟ್ರು ಇರುತ್ತಾರೆ. ಜಿಲ್ಲಾ ಮಾನಸಿಕ ಆರೋಗ್ಯ ತಂಡದವರು ತಿಂಗಳಿಗೊಮ್ಮೆ ಇವರೆಲ್ಲರ ಜೊತೆ ಕೂರಲಿ. ಪ್ರತಿ ಹಾಸ್ಟೆಲ್ಲಿಗೂ ಒಂದು ಹೆಸರು, ಒಂದು ಮೊಬೈಲ್ ನಂಬರ್ ಕೊಡಿ, ರಾತ್ರಿ ಹನ್ನೊಂದಕ್ಕೂ ಎತ್ತುವಂಥದ್ದು. ಪಿಯರ್ ಕೌನ್ಸೆಲರ್ ಆಗಿ ಒಂದು ವರ್ಷ ನಿಜವಾಗಿ ಕೆಲಸ ಮಾಡಿದ ಮಗುವಿಗೆ ಕೊಡುವ ಪತ್ರಕ್ಕೆ ಎಂಎಸ್‌ಡಬ್ಲ್ಯೂ ಪ್ರವೇಶದಲ್ಲಿ ಏನಾದರೂ ಬೆಲೆ ಸಿಗುವ ಹಾಗೆ ವಿಶ್ವವಿದ್ಯಾಲಯ ಯೋಚಿಸಲಿ.

ವಿದ್ಯಾರ್ಥಿಗಳು ಬರುತ್ತಾರೆ ಅಂತ ಹುದ್ದೆಯ ವಿಷಯ ಮರೆಯಬೇಡಿ. ಓದುತ್ತಿರುವವರು ಓದು ಮುಗಿದ ಮೇಲೆ ಹೋಗಿಬಿಡುತ್ತಾರೆ. ಕಾಲೇಜಿನಲ್ಲಿ ವರ್ಷಗಟ್ಟಲೆ ಇರುವ ಒಂದು ಮುಖ ಬೇಕು. ನೇಮಕ ಮಾಡುವಾಗ ಹನ್ನೊಂದು ತಿಂಗಳ ಗುತ್ತಿಗೆ, ಸಂಬಳ ಯಾವಾಗ ಬರುತ್ತೋ ಅನ್ನುವ ಸ್ಥಿತಿಗೆ ಅವರನ್ನು ತಳ್ಳಬೇಡಿ. ಮನೆ ಬಾಡಿಗೆ ಕಟ್ಟಲು ಪರದಾಡುವವರು ಇನ್ನೊಬ್ಬರ ಸಂಕಟವನ್ನು ಎಷ್ಟು ದಿನ ಸಮಾಧಾನವಾಗಿ ಕೇಳಿಯಾರು? ಈ ಕೆಲಸಕ್ಕೆ ಬಂದ ಎಷ್ಟೋ ಒಳ್ಳೆಯವರು ಇದೇ ಕಾರಣಕ್ಕೆ ಬಿಟ್ಟು ಹೋಗಿದ್ದಾರೆ.

ಪ್ರಾಂಶುಪಾಲರಿಗೆ ಒಂದು ಮಾತು. ಕೌನ್ಸೆಲಿಂಗ್‌ಗೆ ಒಂದು ಕೋಣೆ ಕೊಡಿ. ಬಾಗಿಲು ಇರುವ ಕೋಣೆ. ಸ್ಟಾಫ್ ರೂಮಿನ ಮೂಲೆಯಲ್ಲಿ ಕುರ್ಚಿ ಹಾಕಿ ಮಾತಾಡು ಅಂದರೆ ಯಾವ ಮಗು ಬಾಯಿ ಬಿಡುತ್ತದೆ?

ಹೊಸ ಶೈಕ್ಷಣಿಕ ವರ್ಷ ಶುರುವಾಗುವ ಮೊದಲು ಒಂದು ಸಭೆ ಕರೆಯಿರಿ. ಅಧಿಕಾರಿಗಳು, ಪ್ರಾಂಶುಪಾಲರು, ವಾರ್ಡನ್‌ಗಳ ಜೊತೆ ಈ ವರ್ಷ ಪಿಯರ್ ಕೌನ್ಸೆಲರ್ ಆಗಿದ್ದ ಹತ್ತಿಪ್ಪತ್ತು ಮಕ್ಕಳನ್ನೂ ಕರೆಯಿರಿ, ಅವರನ್ನೇ ಮೊದಲು ಮಾತಾಡಲು ಬಿಡಿ. ನಾನು ಬರುತ್ತೇನೆ. ನನ್ನ ಜೊತೆ ಓದಿ ಈ ಜಿಲ್ಲೆಯಲ್ಲೇ ಕೆಲಸ ಮಾಡುತ್ತಿರುವ ಗೆಳೆಯ ಗೆಳತಿಯರೂ ಬರುತ್ತಾರೆ. ತರಬೇತಿಗೆ ನಮ್ಮ ಭಾನುವಾರಗಳನ್ನು ಕೊಡಲು ತಯಾರಿದ್ದೇವೆ. ನಿಮ್ಮ ಕಚೇರಿಯಿಂದ ದಿನಾಂಕ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಜಗಳೂರು ತಾಲ್ಲೂಕಿನ ಒಬ್ಬ ಸಮಾಜ ಕಾರ್ಯಕರ್ತೆ
ದಾವಣಗೆರೆ